ಮೋಟು ವಿಂಚೆಸ್ಟರ್ ಮಾಡಿದ ತಪ್ಪಾದರೂ ಏನು?

ವೆಸ್ಟರ್ನ್ ಹುಚ್ಚಿನ ಬ್ಲಾಗಿಗ ಮಿತ್ರರೇ, ಇವತ್ತು ನಿಮ್ಮ ಜೊತೆ ಒಂದು ಜಗಳ ಇದೆ.

ಮೋಟು ನಳಿಕೆಯ ಲೀವರ್ ಬಂದೂಕು ಅಂದಕೂಡಲೇ ನಿಮಗೆ ನೆನಪಾಗೋದು ಸ್ಟೀವ್ ಮೆಕ್ವೀನ್ ತಾನೆ? ‘ವಾಂಟೆಡ್: ಡೆಡ್ ಆರ್ ಅಲೈವ್’ (1958-61) ಧಾರಾವಾಹಿಯಲ್ಲಿ ತೊಡೆಗೆ ಕಟ್ಟಿಕೊಂಡು ತಿರುಗುತ್ತಿದ್ದನಲ್ಲ, ಅದು. ಶುದ್ಧ ಬೊಗಳೆ ಸ್ವಾಮಿ! ಕಥೆ ನಡೆಯೋದು 1870ರ ದಶಕದಲ್ಲಿ, ಕತ್ತರಿಸಿದ್ದು 1892ರ ಮಾಡೆಲ್ ವಿಂಚೆಸ್ಟರ್. ಬೆಲ್ಟಿಗೆ ಸಿಕ್ಕಿಸಿದ ದಪ್ಪ ತೋಟಾಗಳು ಆ ಬಂದೂಕಿನೊಳಗೆ ಹೋಗುವುದೇ ಇಲ್ಲ, ಬರೀ ಶೋಕಿಗೆ!

ನಿಜವಾದ ಮೋಟು ಬಂದೂಕನ್ನು ಯಾವ ಪುಂಡನೂ ಗರಗಸ ಹಿಡಿದು ಕೊಯ್ದದ್ದಲ್ಲ. ಜಾನ್ ಬ್ರೌನಿಂಗ್ ರೂಪಿಸಿದ ಈ 1892ರ ಕಾರ್ಬೈನಿಗೆ ಮಾಮೂಲು ನಳಿಕೆ 20 ಇಂಚು. ಹೇಳಿ ಮಾಡಿಸಿದರೆ ಕಾರ್ಖಾನೆಯವರೇ 16, 15, 14 ಇಂಚಿಗೂ ಮಾಡಿಕೊಡುತ್ತಿದ್ದರು. ಸಂಗ್ರಾಹಕರು ಇದನ್ನೇ ‘ಟ್ರ್ಯಾಪರ್’ ಅನ್ನೋದು. ಹೆಗಲಿಗೆ ಒತ್ತಿಕೊಳ್ಳುವ ಮರದ ಹಿಂಬದಿ ಪೂರ್ತಿ ಇರುತ್ತಿತ್ತು. ಪೊದೆಯಲ್ಲಿ ನುಗ್ಗುವವನಿಗೆ, ದೋಣಿಯಲ್ಲಿ ಕೂತವನಿಗೆ ಅನುಕೂಲ, ಅಷ್ಟೆ. ನಷ್ಟವೂ ಇತ್ತು: ತೋಟಾ ತುಂಬೋದು ನಳಿಕೆಯ ಕೆಳಗಿನ ಕೊಳವೆಯಲ್ಲಿ, ಅದೂ ಮೋಟಾದರೆ ತೋಟಾ ಕಮ್ಮಿ ಹಿಡಿಯುತ್ತೆ.

ಇಂಥದ್ದು ಅಪರಾಧ ಆದದ್ದು 1934ರಲ್ಲಿ. ಅಮೆರಿಕದ ಆ ಮಸೂದೆ ಮೊದಲು ಹೊರಟದ್ದು ಪಿಸ್ತೂಲು, ರಿವಾಲ್ವರುಗಳನ್ನೂ ಹಿಡಿಯೋಕೆ. ರೈಫಲ್ ಕತ್ತರಿಸಿ ಪಿಸ್ತೂಲಿನ ಹಾಗೆ ಬಚ್ಚಿಟ್ಟುಕೊಂಡಾರು ಅಂತ ಮೋಟು ರೈಫಲನ್ನೂ ಸೇರಿಸಿದರು. ವಿರೋಧ ಬಂತು, ಪಿಸ್ತೂಲನ್ನು ಕೈಬಿಟ್ಟರು. ಮೋಟು ರೈಫಲ್ ಮಾತ್ರ ಅಲ್ಲೇ ಉಳೀತು! ಕಳ್ಳನನ್ನು ಬಿಟ್ಟು ಅವನ ನೆರಳಿಗೆ ಬೇಡಿ ಹಾಕಿದ ಹಾಗೆ. 200 ಡಾಲರ್ ತೆರಿಗೆ, ಅಂದರೆ ಆಗ ಬಂದೂಕಿನ ಬೆಲೆಯ ಹಲವು ಪಟ್ಟು. ನೋಂದಾಯಿಸದೆ ಅಜ್ಜ ಅಟ್ಟದ ಮೇಲಿಟ್ಟುಹೋದ ಟ್ರ್ಯಾಪರ್ ಮೊಮ್ಮಗನ ಕೈಗೆ ಬಂದರೆ? ಹತ್ತು ವರ್ಷದವರೆಗೂ ಜೈಲು!

ಆ ಅಳತೆಯಾದರೂ ಸ್ಥಿರವಾಗಿತ್ತಾ? ಮೊದಲು 18 ಇಂಚು, 1960ರಲ್ಲಿ 16. ಹಳೆಯ ಅಸಲಿ ಟ್ರ್ಯಾಪರುಗಳಲ್ಲಿ ಕೆಲವನ್ನು ಆಮೇಲೆ ಸಂಗ್ರಹದ ವಸ್ತು ಅಂತ ಕಾಯ್ದೆಯಿಂದ ಹೊರಗಿಟ್ಟರು.

ಇನ್ನೊಂದು ತಮಾಷೆ ನೋಡಿ. ಮೆಕ್ವೀನನ ಬೊಗಳೆ ಬಂದೂಕಿನ ನಕಲನ್ನು ಈಗ ಕಂಪನಿಗಳೇ ಮಾಡಿ ಮಾರುತ್ತವೆ, 12 ಇಂಚಿನ ನಳಿಕೆ. ಕಾರ್ಖಾನೆಯಲ್ಲಿ ಹುಟ್ಟಿದಾಗಿನಿಂದ ಹೆಗಲ ಮರ ಇಲ್ಲವಲ್ಲ, ಹಾಗಾಗಿ ಕಾಯ್ದೆಯ ಕಣ್ಣಿಗೆ ಅದು ರೈಫಲ್ಲೇ ಅಲ್ಲ, ಪಿಸ್ತೂಲು! ಬಚ್ಚಿಡಲು ಸುಲಭವಾದದ್ದಕ್ಕೆ ರಿಯಾಯಿತಿ, ಹೆಗಲಿಗಿಟ್ಟು ಗುರಿ ಹಿಡಿಯುವ 14 ಇಂಚಿನದ್ದಕ್ಕೆ ಕಟ್ಟುಪಾಡು. ಬಚ್ಚಿಡುತ್ತಾರೆ ಅನ್ನೋ ಭಯಕ್ಕೇ ಅಲ್ಲವೇ ಸ್ವಾಮಿ ಈ ಕಾಯ್ದೆ ಮಾಡಿದ್ದು?

2026ರ ಜನವರಿ 1ರಿಂದ ಆ 200 ಡಾಲರ್ ತೆರಿಗೆ ಸೊನ್ನೆ ಆಗಿದೆ. ನೋಂದಣಿ, ಬೆರಳಚ್ಚು, ಆ ಹತ್ತು ವರ್ಷದ ಬೆದರಿಕೆ ಎಲ್ಲ ಹಾಗೇ ಇದೆ.