ಇಡೀ ಜೀವಮಾನಕ್ಕೆ 90 ದಿನ ಸಾಕಾ?

ಹೊಸೂರಿನ ಸಿಪ್ಕಾಟ್ ಕಡೆ ಕಾಂಟ್ರಾಕ್ಟ್ ಕೆಲಸಕ್ಕೆ ಹೋಗೋ ನಮ್ಮ ಹುಡುಗರು ಕೆಲಸ ಹೋಯ್ತು ಅಂತ ಊರಲ್ಲಿ ಯಾರಿಗೂ ಹೇಳಲ್ಲ. ಬ್ಯಾಂಕಲ್ಲಿ ಕೂತಿರೋ ನನಗೆ ಗೊತ್ತಾಗಿಬಿಡುತ್ತೆ. ಮೊದಲ ತಿಂಗಳು ಖಾತೆಗೆ ಸಂಬಳ ಬಿದ್ದಿರಲ್ಲ. ಎರಡನೇ ತಿಂಗಳು ಬೈಕ್ ಸಾಲದ ಕಂತು ಬೌನ್ಸ್. ಮೂರನೇ ತಿಂಗಳು ಅಮ್ಮನೋ ಹೆಂಡತಿನೋ ಕೊರಳಿನ ಸರ ಕರ್ಚೀಫಲ್ಲಿ ಸುತ್ಕೊಂಡು ಗೋಲ್ಡ್ ಲೋನ್ ಕೌಂಟರಿಗೆ ಬರ್ತಾರೆ.

"ಇಎಸ್‌ಐ ಹಿಡೀತಿದ್ರಾ?" ಅಂತ ಕೇಳಿದ್ರೆ, "ಹೂಂ ಸಾರ್, ಅದು ಆಸ್ಪತ್ರೆಗೆ ಅಲ್ವಾ" ಅಂತಾರೆ.

ಆಸ್ಪತ್ರೆಗೆ ಮಾತ್ರ ಅಲ್ಲ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಅಂತ 2018ರ ಜುಲೈಯಿಂದ ಇದೆ. ಶುರುವಲ್ಲಿ ಸರಾಸರಿ ದಿನದ ಸಂಬಳದ 25% ಕೊಡ್ತಿದ್ರು. 2020ರಲ್ಲಿ ಕೊರೊನಾ ಬಂದ ಮೇಲೆ 50% ಮಾಡಿ, ಮಾಲೀಕನನ್ನ ಕಾಯದೆ ನೇರವಾಗಿ ನಾವೇ ಅರ್ಜಿ ಹಾಕಬಹುದು ಅಂದ್ರು. ಆ ಸಡಿಲಿಕೆಯ ಗಡುವನ್ನ ಆಮೇಲೆ ಮತ್ತೆ ಮತ್ತೆ ಮುಂದಕ್ಕೆ ಹಾಕಿದ್ರು. ಆದ್ರೆ ದಿನಗಳ ಲೆಕ್ಕ ಮಾತ್ರ ಹಾಗೇ ಉಳೀತು. ಜೀವಮಾನಕ್ಕೆಲ್ಲಾ ಸೇರಿ 90 ದಿನ.

ನಾನು ಕಾಮರ್ಸ್ ಓದಿದವನು, ಲೆಕ್ಕ ಹಾಕದೆ ಇರಕ್ಕಾಗಲ್ಲ. 15,000 ಸಂಬಳ ಅಂದ್ಕೊಳ್ಳಿ. ದಿನಕ್ಕೆ 500, ಅದರರ್ಧ 250, 90 ದಿನಕ್ಕೆ 22,500 ರೂಪಾಯಿ. ಅದೇ ಸಂಬಳದ ಮೇಲೆ ಕೆಲಸಗಾರನ ಪಾಲು 0.75%, ಮಾಲೀಕನ ಪಾಲು 3.25%, ಒಟ್ಟು ತಿಂಗಳಿಗೆ 600 ಇಎಸ್‌ಐಗೆ ಹೋಗುತ್ತೆ. ಹತ್ತು ವರ್ಷಕ್ಕೆ 72,000. ಚಿಕಿತ್ಸೆ, ಹೆರಿಗೆ, ಅಪಘಾತ ಎಲ್ಲಾ ಅದರಲ್ಲೇ ನಡೀಬೇಕು, ಒಪ್ತೀನಿ. ಆದ್ರೂ ಇದು ಯಾರೋ ಕೊಡೋ ಭಿಕ್ಷೆ ಅಲ್ಲ, ಕಟ್ಟಿದ ದುಡ್ಡು.

ಇದೇ ಇಎಸ್‌ಐನಲ್ಲಿ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ ಅಂತ ಇನ್ನೊಂದಿದೆ. ಕಾರ್ಖಾನೆ ಮುಚ್ಚಿದ್ರೆ, ಕಾನೂನು ಪ್ರಕಾರ ರಿಟ್ರೆಂಚ್ ಮಾಡಿದ್ರೆ 24 ತಿಂಗಳವರೆಗೂ ಭತ್ಯೆ ಸಿಗುತ್ತೆ. "ನಾಳೆಯಿಂದ ಬರಬೇಡ" ಅಂತ ಫೋನಲ್ಲೇ ಹೇಳಿಸ್ಕೊಳ್ಳೋ ಕಾಂಟ್ರಾಕ್ಟ್ ಹುಡುಗನಿಗೆ ರಿಟ್ರೆಂಚ್ಮೆಂಟ್ ಕಾಗದ ಯಾರು ಕೊಡ್ತಾರೆ? ಅವನಿಗೆ ಉಳಿಯೋದು 90 ದಿನವೇ. ಅವನ ಕೆಲಸ ಹೋಗೋದೂ ಒಂದೇ ಸಲ ಅಲ್ಲ.

ಹಾಗಾಗಿ ನಾನು ಕೇಳೋದು ಇಷ್ಟು. 90 ದಿನವನ್ನ ಆರು ತಿಂಗಳು ಮಾಡಿ. ಎರಡು ವರ್ಷ ಮತ್ತೆ ವಂತಿಗೆ ಕಟ್ಟಿದವನಿಗೆ ಮತ್ತೆ ಅರ್ಹತೆ ಕೊಡಿ. ಸೋಮಾರಿಗಳಾಗ್ತಾರೆ ಅನ್ನೋರು ದಿನಕ್ಕೆ 250 ರೂಪಾಯೀಲಿ ಹೊಸೂರಲ್ಲಿ ಬಾಡಿಗೆ ಕಟ್ಟಿ ಸಂಸಾರ ಮಾಡಿ ತೋರಿಸ್ಲಿ.

ಇದು ಕೇಂದ್ರದ ಯೋಜನೆ, ಹೊಸೂರಿಗೂ ಸೊಲ್ಲಾಪುರಕ್ಕೂ ನಿಯಮ ಒಂದೇ. ಇಎಸ್‌ಐ ಹಿಡಿಸ್ಕೊಳ್ತಿರೋ ಗೆಳೆಯರು ಈಗಲೇ ಎರಡು ವಿಷಯ ನೋಡ್ಕೊಳ್ಳಿ. ಆಧಾರ್, ಪಾಸ್‌ಬುಕ್, ಇಎಸ್‌ಐ ಮೂರರಲ್ಲೂ ಹೆಸರು ಒಂದೇ ಥರ ಇರಲಿ. ನಮ್ಮ ಗಿರೀಶ ತಮಿಳಿಗೆ ಹೋಗಿ ಇಂಗ್ಲಿಷಿಗೆ ಬರೋಷ್ಟರಲ್ಲಿ ಕಿರೀಶ ಆಗಿರ್ತಾನೆ, ಆಮೇಲೆ ಅಲೆದಾಟ. ಇನ್ನೊಂದು, ಲೆಕ್ಕ ಚುಕ್ತಾ ಮಾಡ್ತೀವಿ ಅಂತ ರಾಜೀನಾಮೆ ಪತ್ರಕ್ಕೆ ಸೈನ್ ಕೇಳಿದ್ರೆ ಓದದೆ ಹಾಕಬೇಡಿ. ತಾನಾಗೇ ಕೆಲಸ ಬಿಟ್ಟ ಅಂತ ಆದ್ರೆ ಆ 90 ದಿನವೂ ಕೈತಪ್ಪುತ್ತೆ.