2021ನೆಯ ಸಾಲಿನ ಹಾಡುಗಾರರು: ನಮ್ಮ ಆಯ್ಕೆ

ವರ್ಷದ ಶ್ರೇಷ್ಠ ಗಾಯಕರು ಯಾರೆಂಬದನ್ನು ಡಿಸೆಂಬರ ತಿಂಗಳು ಮುಗಿಯುವದರೊಳಗೇ ಸಾರಿಬಿಡುವದು ಈಚಿನ ರೂಢಿಯಾಗಿದೆ. ಈ ಅವಸರವು ನಮಗೆ ಒಪ್ಪಿಗೆಯಾಗುವದಿಲ್ಲ. ಕಾಳು ಜೊಳ್ಳು ಬೇರೆಯಾಗಬೇಕಾದರೆ ರಾಶಿಯನ್ನು ಗಾಳಿಗೆ ತೂರಬೇಕು; ಹಾಡುಗಳ ರಾಶಿಗೆ ಕಾಲವೇ ಗಾಳಿ. ಆದಕಾರಣ ನಾವು ಬೇಕೆಂದೇ ಹಿಂದಕ್ಕೆ ಸರಿದು 2021ನೆಯ ಇಸವಿಯನ್ನು ಎತ್ತಿಕೊಂಡಿದ್ದೇವೆ. ಆ ವರ್ಷ ಕನ್ನಡಿಗರು ಕೇಳಿದ ಜನಪ್ರಿಯ ಗಾಯನದಲ್ಲಿ ಇಂದಿಗೂ ಕಾಳಾಗಿ ಉಳಿದುದು ಯಾವದು, ಅದರ ಮೂಲದವರಿಗೆ ಸಲ್ಲತಕ್ಕ ಮಾನವು ಸಂದಿದೆಯೇ ಎಂಬ ಎರಡು ಪ್ರಶ್ನೆಗಳನ್ನು ವಾಚಕರ ಮುಂದೆ ಇಡುತ್ತೇವೆ.

ಆ ವರ್ಷವು ಗಾಯಕರ ಪಾಲಿಗೆ ಸುಭಿಕ್ಷದ ವರ್ಷವಾಗಿರಲಿಲ್ಲ. ಕೊರೋನಾ ಮಹಾಮಾರಿಯ ಎರಡನೆಯ ಅಲೆಯು ಏಪ್ರಿಲಿನಲ್ಲಿ ಏರಿಬಂದು ಚಿತ್ರಮಂದಿರಗಳ ಬಾಗಿಲು ಮುಚ್ಚಿತು. ಅವು ತುಂಬಿದ ಸಭೆಯನ್ನು ಕಾಣಲು ಅಕ್ಟೋಬರ 1ರ ವರೆಗೆ ಕಾಯಬೇಕಾಯಿತು. ತುಂಬಿದ ಸಭೆಗೆ ಎಡೆ ದೊರೆತ ಆ ತಿಂಗಳಲ್ಲಿಯೇ, 29ನೆಯ ತಾರೀಖಿಗೆ, ಪುನೀತ ರಾಜಕುಮಾರರು ತಮ್ಮ 46ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ದುಃಖದಲ್ಲಿ ಊರೂರಿಗೆ ಕೇಳಿಬಂದುದು ಶ್ರೀ ವಿಜಯ ಪ್ರಕಾಶರ ಕಂಠದ ‘ಬೊಂಬೆ ಹೇಳುತೈತೆ’. ಆದರೆ ಅದು 2017ರ ‘ರಾಜಕುಮಾರ’ ಚಿತ್ರದ ಹಾಡು; ನಮ್ಮ ಪಟ್ಟಿಯಲ್ಲಿ ಅದಿಲ್ಲದಿರುವದಕ್ಕೆ ಇಸವಿಯ ಹೊರತು ಬೇರೆ ಕಾರಣವಿಲ್ಲ.

ಆಯ್ಕೆಗೆ ನಾವು ಹಿಡಿದ ಒರೆಗಲ್ಲು ಸರಳವಾದುದು. ಹಾಡಿನ ಮಾತು ಕೇಳುವವನಿಗೆ ತಿಳಿಯಬೇಕು. ಹಾಡಿಗೆ ಒಂದು ನೆಲವಿರಬೇಕು. ವರ್ಷಗಳು ಕಳೆದ ಮೇಲೂ ಅದು ಬಾಯಿಗೆ ಬರಬೇಕು. ಎಷ್ಟು ಲಕ್ಷ ಜನ ಮೊಬೈಲಿನಲ್ಲಿ ನೋಡಿದರೆಂಬ ಲೆಕ್ಕವನ್ನು ಲೆಕ್ಕಿಗರಿಗೇ ಬಿಟ್ಟಿದ್ದೇವೆ.

ನಮ್ಮ ಮೊದಲನೆಯ ಆಯ್ಕೆಯು ಸಿದ್ದಿ ಹಾಡುಗಾರರದು. ಅಕ್ಟೋಬರ 14ರಂದು ತೆರೆಕಂಡ, ಶ್ರೀ ದುನಿಯಾ ವಿಜಯರು ನಿರ್ದೇಶಿಸಿದ ‘ಸಲಗ’ ಚಿತ್ರಕ್ಕಾಗಿ ಸಂಗೀತಗಾರ ಶ್ರೀ ಚರಣರಾಜರು ‘ಟಿಣಿಂಗ ಮಿಣಿಂಗ ಟಿಶ್ಯಾ’ ಎಂಬ ಹಾಡನ್ನು ಗಿರಿಜಾ ಸಿದ್ದಿ, ಗೀತಾ ಸಿದ್ದಿ ಮುಂತಾದವರಿಂದ ಹಾಡಿಸಿದರು. ಬೆಂಗಳೂರಿನ ಪಾತಕಲೋಕದ ಕಥೆಯೊಳಗೆ ಯಲ್ಲಾಪುರ ಹಳಿಯಾಳಗಳ ಕಾಡಿನ ದನಿ ನುಗ್ಗಿತು. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾ ಖಂಡದಿಂದ ಬಂದವರ ಸಂತತಿಯಾದ ಈ ಜನಾಂಗವು ಉತ್ತರ ಕನ್ನಡದ ಮಣ್ಣಿನಲ್ಲಿ ದುಡಿದು, ಆ ಮಣ್ಣಿನ ಮಾತನ್ನೇ ತನ್ನದಾಗಿ ಮಾಡಿಕೊಂಡು ಬದುಕಿದೆ. ಆದರೂ ಪೇಟೆಗೆ ಬಂದ ಸಿದ್ದಿಯನ್ನು ‘ನೀವು ಯಾವ ದೇಶದವರು?’ ಎಂದು ಕೇಳುವ ಕನ್ನಡಿಗರಿಗೆ ಕೊರತೆಯಿಲ್ಲ. ಪರಿಶಿಷ್ಟ ಪಂಗಡವೆಂಬ ಮನ್ನಣೆಯೂ ಅವರಿಗೆ ದೊರೆತುದು 2003ರಲ್ಲಿ. ಇಂಥವರ ಕಂಠಕ್ಕೆ ಇಡೀ ನಾಡು ಕುಣಿಯಿತು. ಎಳೆದ ಸ್ವರವನ್ನು ಒಮ್ಮೆಲೇ ಕಡಿದು ತಾಳಕ್ಕೆ ಒಪ್ಪಿಸುವ ಅವರ ಹಾಡಿಕೆಯನ್ನು ಯಾವ ಗಾಯನ ಶಾಲೆಯೂ ಕಲಿಸಿರಲಿಕ್ಕಿಲ್ಲ.

ಎರಡನೆಯವರು ಚೈತ್ರಾ ಜೆ. ಆಚಾರ. ನವೆಂಬರ 19ರಂದು ಹೊರಬಂದ, ಶ್ರೀ ರಾಜ ಬಿ. ಶೆಟ್ಟರ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ ಅವರು ‘ಸೋಜುಗದ ಸೂಜುಮಲ್ಲಿಗೆ’ಯನ್ನು ಹಾಡಿದರು, ಸಂಗೀತವು ಶ್ರೀ ಮಿಥುನ ಮುಕುಂದನ್ನರದು. ಮಲೆಯ ಮಾದಪ್ಪನ ಒಕ್ಕಲು ಬೆಟ್ಟ ಹತ್ತುತ್ತ ಹಾಡಿಕೊಂಡು ಬಂದ ಪದವಿದು. ಅನನ್ಯಾ ಭಟ್ಟರ ಗಾಯನದಿಂದ ಇದು ಅದಕ್ಕೂ ಮುಂಚೆಯೇ ಪಟ್ಟಣಿಗರ ಕಿವಿಗೆ ಬಿದ್ದಿತ್ತು. ಚೈತ್ರಾ ಅವರ ಹೆಚ್ಚುಗಾರಿಕೆಯೆಂದರೆ ತಡೆ. ಮಂಗಳೂರಿನ ಹೊಡೆದಾಟದ ಕಥೆಯ ನಡುವೆ ಭಕ್ತಿಯ ಪದ ಬಂದಾಗ ಗಂಟಲನ್ನು ಮೆರೆಯಿಸುವ ಆಸೆ ಯಾರಿಗೂ ಸಹಜ. ಅವರು ಅದಕ್ಕೆ ಎಡೆಗೊಡದೆ, ದೇವರ ಮುಂದೆ ಹೂವಿಡುವವಳ ಹಾಗೆ ಒಂದೊಂದೇ ಶಬ್ದವನ್ನು ಮೆಲ್ಲನೆ ಇಟ್ಟರು.

ಮೂರನೆಯವರು ಶ್ರೇಯಾ ಘೋಷಾಲ. ಮಾರ್ಚ 11ರಂದು ಬಂದ ‘ರಾಬರ್ಟ್’ ಚಿತ್ರದಲ್ಲಿ ಶ್ರೀ ಅರ್ಜುನ ಜನ್ಯರ ಸಂಗೀತಕ್ಕೆ ಅವರು ‘ಕಣ್ಣು ಹೊಡಿಯಾಕ’ ಹಾಡಿದರು. ಹೊರಗಿನವರಿಂದ ಕನ್ನಡ ಹಾಡಿಸಬಾರದೆಂಬ ಪಕ್ಷದವರು ನಾವಲ್ಲ. ಕನ್ನಡದ ಶಬ್ದವನ್ನು ನುಂಗುವವರಿಂದ ಹಾಡಿಸಬಾರದು ಎಂಬಷ್ಟೇ ನಮ್ಮ ವಾದ. ಶ್ರೀ ಯೋಗರಾಜ ಭಟ್ಟರು ಬರೆದುದು ಪುಸ್ತಕದ ಕನ್ನಡವಾಗಿರದೆ ಉತ್ತರ ಕರ್ನಾಟಕದ ಹುಡುಗಿಯ ಮನೆಮಾತು. ವಂಗದೇಶದಲ್ಲಿ ಹುಟ್ಟಿದ ಈ ಗಾಯಕಿಯು ಆ ಮಾತಿನ ಬಾಗು ಬಳುಕುಗಳನ್ನು ಶ್ರಮವಹಿಸಿ ಹಿಡಿದರು. ಕನ್ನಡವನ್ನೇ ಉಂಡು ಬೆಳೆದು ಕನ್ನಡವನ್ನು ತೊದಲುವ ನಮ್ಮ ಕೆಲವು ತರುಣ ಗಾಯಕರು ಇವರನ್ನು ನೋಡಿ ಕಲಿತರೆ ಅವಮಾನವೇನೂ ಇಲ್ಲ.

ನಾಲ್ಕನೆಯ ಹೆಸರು ಮಾತಾ ಮಂಜಮ್ಮ ಜೋಗತಿ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಗಂಡುಮಗುವೆಂದು ಹುಟ್ಟಿ, ಹೆಣ್ಣಾಗಿ ಬಾಳಲು ಮನೆ ತೊರೆದು, ಯಲ್ಲಮ್ಮನ ಜೋಗತಿಯಾಗಿ ಕುಣಿತ ಹಾಡುಗಳಿಂದ ಬದುಕಿದ ಈ ಕಲಾವಿದೆಯು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರ ನವೆಂಬರ 9ರಂದು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದರು. ಆಶೀರ್ವಾದವು ಆ ದಿನ ಕೆಳಗಿನಿಂದ ಮೇಲಕ್ಕೆ ಹೋಯಿತು. ಇವರನ್ನು ಜನಪ್ರಿಯ ಗಾಯನದ ಪಟ್ಟಿಗೆ ಸೇರಿಸುವದು ಹೇಗೆಂದು ಕೆಲವರು ಕೇಳಿಯಾರು. ಸಿನೆಮಾ ಹುಟ್ಟುವದಕ್ಕೆ ಎಷ್ಟೋ ಮೊದಲು ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಲಕ್ಷಾವಧಿ ಜನ ಕಿವಿಗೊಟ್ಟುದು ಚೌಡಿಕೆಯ ಪದಗಳಿಗೇ. ಜನಪ್ರಿಯವೆಂಬ ಮಾತಿನಲ್ಲಿ ಜನವೇ ಮೊದಲು ಬರುತ್ತದೆ.

ಈ ಪಟ್ಟಿಯನ್ನು ಭೂಪಟದ ಮೇಲಿಟ್ಟು ನೋಡಿದರೆ ಕರ್ನಾಟಕದ ಏಕೀಕರಣಕ್ಕಾಗಿ ಮಿಡಿದ ಹೃದಯಗಳಿಗೆ ಒಂದು ಸಂತೋಷವುಂಟು. ಸಿದ್ದಿಗಳ ಉತ್ತರ ಕನ್ನಡವು 1956ರ ವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ಮಾದಪ್ಪನ ಬೆಟ್ಟವಿರುವ ಕೊಳ್ಳೇಗಾಲದ ಸೀಮೆಯು ಅದೇ ಇಸವಿಯ ವರೆಗೆ ಮದ್ರಾಸಿನ ಕೊಯಿಮತ್ತೂರು ಜಿಲ್ಲೆಗೆ ಸೇರಿತ್ತು. ಬಳ್ಳಾರಿಯು 1953ರ ಅಕ್ಟೋಬರ 1ರಂದು ಮದ್ರಾಸನ್ನು ಬಿಟ್ಟು ನಮ್ಮ ಕಡೆಗೆ ಬಂದಿತು. ಒಂದು ಕಾಲಕ್ಕೆ ಮೂರು ದಿಕ್ಕಿಗೆ ಹರಿದು ಹಂಚಿಹೋಗಿದ್ದ ಅಂಚುಗಳೇ ಆ ಬರಗಾಲದ ವರ್ಷದಲ್ಲಿ ಇಡೀ ನಾಡಿಗೆ ಹಾಡು ಉಣಿಸಿದವು.

ಆದರೆ ನೆಲ ಕೂಡಿದ ಮಾತ್ರಕ್ಕೆ ಪಾಲು ಕೂಡಿತೆಂದು ತಿಳಿಯಲಾಗದು. 1957ರ ಕೃತಿಸ್ವಾಮ್ಯದ ಕಾಯಿದೆಯು 2012ರಲ್ಲಿ ತಿದ್ದುಪಡಿಯಾಗಿ, ಹಾಡು ಬರೆದವರಿಗೂ ಸ್ವರ ಹೊಂದಿಸಿದವರಿಗೂ ರಾಯಧನದ ಹಕ್ಕನ್ನು ಭದ್ರಮಾಡಿತು. ಹಾಡಿದವರಿಗೂ ಪಾಲು ಹೇಳಿತು. ಇದು ನ್ಯಾಯವಾದುದೇ. ಆದರೆ ಜನಪದಕ್ಕೆ ಬರೆದವನ ಹೆಸರಿಲ್ಲ. ಹೆಸರಿಲ್ಲದ್ದಕ್ಕೆ ಕಾಯಿದೆಯ ದೃಷ್ಟಿಯಲ್ಲಿ ಒಡೆಯನಿಲ್ಲ. ಬೆಟ್ಟದ ಒಕ್ಕಲು ತಲೆಮಾರುಗಳಿಂದ ಕಾಪಾಡಿದ ಪದವನ್ನು ಯಾರು ಬೇಕಾದರೂ ಎತ್ತಿ, ಹೊಸ ವಾದ್ಯ ಕೂಡಿಸಿ, ಆ ಮುದ್ರಣಕ್ಕೆ ಒಡೆಯರಾಗಬಹುದು. ಕಾಪಾಡಿದವರಿಗೆ ಒಂದು ಕಾಸೂ ತಲುಪಬೇಕೆಂಬ ಕಟ್ಟಳೆಯಿಲ್ಲ. ಹೀಗೆ ಎತ್ತುವದನ್ನು ನಾವು ಕಳವೆನ್ನುವದಿಲ್ಲ. ಎತ್ತಿದವರಿಂದಲೇ ಈ ಹಾಡುಗಳು ನಾಡನ್ನು ಮುಟ್ಟಿದವು. ಋಣವನ್ನು ಒಪ್ಪಿಕೊಳ್ಳಿರೆಂದಷ್ಟೇ ಕೇಳುತ್ತೇವೆ.

ಆದ್ದರಿಂದ ಚಿತ್ರ ತಯಾರಕರಿಗೂ ಧ್ವನಿಮುದ್ರಣದ ಕಂಪನಿಗಳಿಗೂ ನಮ್ಮ ಸೂಚನೆಗಳು ಎರಡು. ಜನಪದ ಹಾಡನ್ನು ಬಳಸಿದಲ್ಲಿ ಬರಿದೇ ‘ಜನಪದ’ ಎಂದು ಬರೆಯದೆ, ಯಾವ ಸೀಮೆಯದು, ಯಾವ ಪರಂಪರೆಯವರದು, ಯಾರ ಬಾಯಿಂದ ಕಲಿತುದು ಎಂಬದನ್ನು ತೆರೆಯ ಮೇಲೆ ಕಾಣಿಸತಕ್ಕದ್ದು. ಹಾಡಿನಿಂದ ಬಂದ ಉತ್ಪನ್ನದಲ್ಲಿ ಒಂದು ಅಂಶವನ್ನು ಆ ಸೀಮೆಯ ಹಾಡುಗಾರರ ಮುಪ್ಪಿಗೂ ಅವರ ಮಕ್ಕಳ ವಿದ್ಯೆಗೂ ಎತ್ತಿಡತಕ್ಕದ್ದು. ಕಾಯಿದೆಯು ಕೇಳದಿದ್ದರೂ ಧರ್ಮವು ಕೇಳುತ್ತದೆ. ಸರಕಾರವು ಮನಸ್ಸು ಮಾಡಿದರೆ ಜಾನಪದ ಅಕಾಡೆಮಿಯ ಮೂಲಕ ಇದಕ್ಕೊಂದು ನಿಧಿ ಕಟ್ಟುವದು ಕಠಿಣವಾಗಲಾರದು.

ನಮ್ಮ ಆಯ್ಕೆಯನ್ನು ಒಪ್ಪದ ರಸಿಕರು ಬೇರೆ ಹೆಸರುಗಳನ್ನು ಹೇಳಲಿ. ಹಾಡಿನ ವಿಷಯದಲ್ಲಿ ಜಗಳವೂ ಪ್ರೀತಿಯ ಲಕ್ಷಣವೇ. ಆದರೆ ಹಾಡನ್ನು ತನ್ನದೆಂದು ಅಪ್ಪಿಕೊಂಡ ನಾಡು ಅದನ್ನು ಹೊತ್ತುತಂದವರನ್ನು ಪರಕೀಯರ ಹಾಗೆ ನೋಡುವದು ಯಾವ ರಸಿಕತೆಗೂ ಒಪ್ಪುವ ಮಾತಲ್ಲ. ಸಿದ್ದಿಯ ಹಾಡಿಗೆ ಕುಣಿದ ಕನ್ನಡಿಗನು ಇನ್ನು ಮೇಲೆ ಆತನಿಗೆ ‘ನೀವು ಯಾವ ದೇಶದವರು?’ ಎಂದು ಕೇಳದೆ, ‘ಯಾವ ಊರಿನವರು?’ ಎಂದು ಕೇಳುವದನ್ನಾದರೂ ಕಲಿಯಲಿ.