ದುಬಾರಿ ಸ್ಕ್ಯಾನೇ ಮೇಲೆ?

ಕ್ಯಾನ್ಸರಿನ ಶಂಕೆಯೆಂಬ ಮಾತು ಕಿವಿಗೆ ಬಿದ್ದೊಡನೆ, ಊರಿನ ಗದ್ದೆಯನ್ನು ಅಡವಿಟ್ಟಾದರೂ ಎಲ್ಲಕ್ಕಿಂತ ದುಬಾರಿಯಾದ ಸ್ಕ್ಯಾನನ್ನೇ ಮಾಡಿಸಬೇಕೆಂದು ಹೊರಡುವವರು ನಮ್ಮ ಹೋಟೆಲು ನೌಕರರಲ್ಲಿಯೂ ಗುಮಾಸ್ತರಲ್ಲಿಯೂ ಇದ್ದಾರೆ. ಬೆಲೆ ಏರಿದಂತೆ ಪರೀಕ್ಷೆಯೂ ಮೇಲಾಗುವುದೆಂಬ ಈ ತಿಳಿವಳಿಕೆಯನ್ನು ನಾವು ಒಪ್ಪಲಾರೆವು.

ಸಿ.ಟಿ. ಯಂತ್ರವು ಕ್ಷ-ಕಿರಣಗಳಿಂದ ದೇಹವನ್ನು ಪದರ ಪದರವಾಗಿ ಚಿತ್ರಿಸುತ್ತದೆ. ಶ್ವಾಸಕೋಶದ ಗಂಟನ್ನು ತೋರಿಸುವುದರಲ್ಲಿ ಅದು ಸಮರ್ಥವಾದುದು. ಎಂ.ಆರ್.ಐ.ಯಲ್ಲಿ ಕ್ಷ-ಕಿರಣವಿಲ್ಲ. ಕಾಂತಶಕ್ತಿ ಮತ್ತು ರೇಡಿಯೋ ತರಂಗಗಳಿಂದ ನಡೆಯುವ ಅದು ಮೆದುಳು, ಬೆನ್ನುಹುರಿಗಳಂಥ ಮೃದು ಭಾಗಗಳಿಗೆ ಹೆಚ್ಚು ಅನುಕೂಲ. ಇವೆರಡೂ ಮುಖ್ಯವಾಗಿ ಆಕಾರವನ್ನು ತೋರಿಸುವವು. ಪೆಟ್ ಸ್ಕ್ಯಾನಿನ ಬಗೆಯೇ ಬೇರೆ. ವಿಕಿರಣಶೀಲವಾದ, ಸಕ್ಕರೆಯಂಥ ದ್ರವ್ಯವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ; ಅನೇಕ ಬಗೆಯ ಕ್ಯಾನ್ಸರಿನ ಕೋಶಗಳು ಅದನ್ನು ಹೆಚ್ಚಾಗಿ ಹೀರುವುದರಿಂದ ಚಿತ್ರದಲ್ಲಿ ಹೊಳೆಯುತ್ತವೆ. ಆದರೆ ಕ್ಷಯದ ಗಂಟೂ ಹಾಗೆಯೇ ಹೊಳೆಯಬಲ್ಲದು. ಒಂದೇ ಕೋಣೆಯಲ್ಲಿ ಹತ್ತಾರು ಜನ ಮಲಗುವ ನಮ್ಮವರಿಗೆ ಕ್ಷಯವೇನು ಅಪರಿಚಿತವೇ? ಹೊಳಪೊಂದನ್ನೇ ಕಂಡು ಬದುಕು ಮುಗಿಯಿತೆಂದು ಗಂಟುಮೂಟೆ ಕಟ್ಟುವುದು ಸಲ್ಲದು. ಬಹುಮಟ್ಟಿಗೆ ರೋಗವನ್ನು ನಿಶ್ಚಯಿಸುವುದು, ಗಂಟಿನ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿಯೇ.

ತಂಬಾಕು ಜಗಿಯುವವರ ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣಿಗಂತೂ ಮೊದಲು ಬೇಕಾದುದು ಸ್ಕ್ಯಾನಲ್ಲ, ವೈದ್ಯರ ಕೈದೀಪ!

ಸ್ಕ್ಯಾನನ್ನು ಬರೆದುಕೊಟ್ಟಾಗ, ಇದರಿಂದ ಏನನ್ನು ತಿಳಿಯಬೇಕಾಗಿದೆಯೆಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ಇ.ಎಸ್.ಐ. ಕಾರ್ಡುಳ್ಳವರು ಸಾಲಕ್ಕೆ ಕೈಯೊಡ್ಡುವ ಮುನ್ನ ಆ ದವಾಖಾನೆಯಲ್ಲಿ ವಿಚಾರಿಸತಕ್ಕದ್ದು.